ಚರ್ಚಿನ ಪೆಟ್ಟಿಗೆ ಬೈಗುಳವಾದದ್ದು ಹೇಗೆ? ಕ್ವಿಬೆಕ್‌ನ ‘ಸಾಕ್ರ್’ ಮಾತುಗಳ ಹಿಂದಿನ ಕಥೆ

ಕೆನಡಾಕ್ಕೆ ಓದಲು, ಕೆಲಸ ಮಾಡಲು ಹೋಗುವ ಕನ್ನಡಿಗರಲ್ಲಿ ಕೆಲವರು ಮಾಂಟ್ರಿಯಲ್‌ನಲ್ಲಿ ನೆಲೆಸುತ್ತಾರೆ. ಅದು ಕ್ವಿಬೆಕ್ ಪ್ರಾಂತ್ಯದ ದೊಡ್ಡ ಊರು. ಅಲ್ಲಿ ಆಡಳಿತ ಭಾಷೆ ಫ್ರೆಂಚ್. ತರಗತಿಯಲ್ಲಿ ಚೆನ್ನಾಗಿ ಫ್ರೆಂಚ್ ಕಲಿತು ಹೋದವರಿಗೂ ಮೊದಲ ಚಳಿಗಾಲದಲ್ಲೇ ಪಾಠಪುಸ್ತಕದಲ್ಲಿ ಇಲ್ಲದ ಮಾತುಗಳು ಕಿವಿಗೆ ಬೀಳುತ್ತವೆ. ಹಿಮದಲ್ಲಿ ಕಾರು ಹೂತುಕೊಂಡರೆ ‘ತಬರ್ನಾಕ್!’ ಐಸ್ ಹಾಕಿಯಲ್ಲಿ ಗೋಲು ತಪ್ಪಿದರೆ ‘ಕಾಲಿಸ್!’ ಬೆರಳಿನ ಮೇಲೆ ಸುತ್ತಿಗೆ ಬಿದ್ದರೆ ‘ಓಸ್ತಿ!’ ನಿಘಂಟು ತೆಗೆದರೆ ಗೊಂದಲ ಇನ್ನೂ ಜಾಸ್ತಿ. ಮೊದಲನೆಯದು ಚರ್ಚಿನೊಳಗಿನ ಒಂದು ಪೆಟ್ಟಿಗೆ. ಎರಡನೆಯದು ಒಂದು ಬಟ್ಟಲು. ಮೂರನೆಯದು ತೆಳ್ಳಗಿನ ಒಂದು ರೊಟ್ಟಿ.

ಇದು ದೂರದ ದೇಶದ ವಿಚಿತ್ರ ಅಂತ ಬಿಟ್ಟುಬಿಡುವ ಹಾಗಿಲ್ಲ. ಬೆಂಗಳೂರಿನ ಆಫೀಸಿನಲ್ಲೂ ಲ್ಯಾಪ್‌ಟಾಪ್ ಕೈಕೊಟ್ಟಾಗ ‘ಜೀಸಸ್ ಕ್ರೈಸ್ಟ್’ ಅನ್ನುವವರು ಇದ್ದಾರೆ. ಹೇಳುವವರಿಗೆ ಅದು ಸುಮ್ನೆ ಒಂದು ಮಾತು. ಪಕ್ಕದಲ್ಲಿ ಕೂತ ಕ್ರೈಸ್ತ ಸಹೋದ್ಯೋಗಿಗೆ ಅದು ದಿನಾ ಪ್ರಾರ್ಥಿಸುವ ಹೆಸರು. ಅದೇ ನಾವು ‘ಅಯ್ಯೋ ರಾಮಾ’ ಅಂದರೆ ಯಾರ ಮುಖವೂ ಸಣ್ಣಗಾಗುವುದಿಲ್ಲ, ಅಲ್ವಾ? ಎರಡರಲ್ಲೂ ದೇವರ ಹೆಸರಿದೆ. ಒಂದು ಯಾಕೆ ಚುಚ್ಚುತ್ತದೆ, ಇನ್ನೊಂದು ಯಾಕೆ ಚುಚ್ಚುವುದಿಲ್ಲ? ಇದನ್ನು ಅರ್ಥ ಮಾಡಿಕೊಳ್ಳಲು ಕ್ವಿಬೆಕ್‌ಗಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ.

ಬೈಗುಳಕ್ಕೆ ಬಲ ಬರುವುದು ಎಲ್ಲಿಂದ?

ಬೈಗುಳದ ಶಬ್ದಕ್ಕೆ ತನ್ನಷ್ಟಕ್ಕೇ ಯಾವ ಬಲವೂ ಇಲ್ಲ. ‘ಇದನ್ನು ಬಾಯಲ್ಲಿ ಆಡಬಾರದು’ ಅಂತ ಸಮಾಜ ಕಟ್ಟು ಮಾಡಿದಾಗ ಬಲ ಬರುತ್ತದೆ. ಆ ಕಟ್ಟು ಮುರಿಯುವಾಗ ಹೇಳುವವರಿಗೂ ಕೇಳುವವರಿಗೂ ಒಂದು ಸಣ್ಣ ನಡುಕ ಆಗುತ್ತದೆ. ಬೈಗುಳದ ಕೆಲಸವೇ ಆ ನಡುಕ ಹುಟ್ಟಿಸುವುದು.

ಹಾಗಾಗಿ ಒಂದು ಊರಿನ ಬೈಗುಳ ಕೇಳಿದರೆ ಆ ಊರಿನ ಜನ ಯಾವುದಕ್ಕೆ ಹೆದರುತ್ತಿದ್ದರು, ಯಾವುದಕ್ಕೆ ನಾಚುತ್ತಿದ್ದರು ಅಂತ ಸುಮಾರಾಗಿ ಹೇಳಬಹುದು. ಡಚ್ಚರು ರೋಗದ ಹೆಸರು ಹಿಡಿದು ಬೈಯುತ್ತಾರೆ: ಟೈಫಸ್, ಕ್ಷಯ, ಕ್ಯಾನ್ಸರ್. ಸ್ವೀಡನ್, ಫಿನ್ಲೆಂಡ್ ಕಡೆ ಸೈತಾನನ ಹೆಸರುಗಳು ಓಡಾಡುತ್ತವೆ. ಇವತ್ತಿನ ಇಂಗ್ಲಿಷ್‌ನಲ್ಲಿ ಖಾರವಾದವು ಕಾಮಕ್ಕೆ ಸೇರಿದವು. ನಮ್ಮಲ್ಲಿ ಕಟುವಾದ ಬೈಗುಳಗಳು ತಾಯಿಯ ಮೇಲೆ, ಹುಟ್ಟಿನ ಮೇಲೆ, ಜಾತಿಯ ಮೇಲೆ, ಸಾವಿನ ಮೇಲೆ ಬರುತ್ತವೆ. ‘ನಿನ್ನ ಮನೆ ಹಾಳಾಗ’, ‘ನಿನ್ನ ಹೆಣ ಎತ್ತ’ ಅನ್ನುವ ಮಾತುಗಳು ಮನೆತನದ ಮೇಲೆ ನಮಗಿರುವ ಆಸೆ, ಅದು ಮುರಿದೀತು ಅನ್ನುವ ಭಯ ಎರಡನ್ನೂ ತೋರಿಸುತ್ತವೆ.

ಮಿದುಳಿನಲ್ಲೂ ಬೈಗುಳಕ್ಕೆ ಬೇರೆಯದೇ ಜಾಗ ಇದ್ದಂತಿದೆ. ಪಾರ್ಶ್ವವಾಯು ಹೊಡೆದು ಮಾತು ಹೋದ ಕೆಲವರಿಗೆ ಒಂದು ಲೋಟ ನೀರು ಕೇಳಲು ಶಬ್ದ ಸಿಗುವುದಿಲ್ಲ. ಆದರೆ ಅಂಕಿ ಎಣಿಸುವುದು, ಬಾಯಿಪಾಠದ ಪ್ರಾರ್ಥನೆ, ಬೈಗುಳ, ಇವು ಮಾತ್ರ ತಡೆಯಿಲ್ಲದೆ ಬರುತ್ತವೆ. ಪ್ರಾರ್ಥನೆ ಮತ್ತು ಬೈಗುಳ ಒಂದೇ ಗುಂಪಿನಲ್ಲಿ ಉಳಿದುಕೊಳ್ಳುತ್ತವೆ ಅನ್ನುವುದು ನನಗೆ ತುಂಬ ಅಚ್ಚರಿಯ ಸಂಗತಿ. ಎರಡೂ ಯೋಚಿಸಿ ಜೋಡಿಸುವ ವಾಕ್ಯಗಳಲ್ಲ, ಇಡಿಯಾಗಿ ಬಾಯಿಗೆ ಬರುವ ಮಾತುಗಳು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಐಸಿನಷ್ಟು ತಣ್ಣನೆಯ ನೀರಿನಲ್ಲಿ ಕೈ ಇಟ್ಟುಕೊಳ್ಳಬೇಕಿತ್ತು. ಬೈಗುಳ ಹೇಳುತ್ತಾ ಇದ್ದವರು ಸಾದಾ ಶಬ್ದ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ತಡೆದುಕೊಂಡರು. ಅಂದರೆ ನೋವಾದಾಗ ಬಾಯಿಂದ ಬೈಗುಳ ಹೊರಡುವುದು ಬರೀ ಕೆಟ್ಟ ಅಭ್ಯಾಸದಿಂದಲ್ಲ. ದೇಹಕ್ಕೆ ಅದರಿಂದ ಏನೋ ಸಿಗುತ್ತದೆ.

ಆಣೆ, ಶಾಪ, ಉದ್ಗಾರ, ದೈವನಿಂದನೆ

ದೇವರ ಹೆಸರು ಬಾಯಿಗೆ ಬರುವ ನಾಲ್ಕು ಸಂದರ್ಭಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಮುಂದಿನದು ಸುಲಭ. ‘ದೇವರಾಣೆ ನಾನು ತೆಗೆದಿಲ್ಲ’ ಅನ್ನುವುದು ಆಣೆ. ‘ದೇವರು ನಿನ್ನನ್ನು ನೋಡಿಕೊಳ್ಳಲಿ’ ಅಂತ ಹಲ್ಲು ಕಚ್ಚಿ ಹೇಳುವುದು ಶಾಪ. ‘ಅಯ್ಯೋ ದೇವ್ರೇ’ ಅನ್ನುವುದು ಉದ್ಗಾರ. ದೇವರನ್ನೇ ಹೀಯಾಳಿಸುವುದು ದೈವನಿಂದನೆ. ಕನ್ನಡದಲ್ಲಿ ಈ ನಾಲ್ಕನ್ನು ಯಾರೂ ಒಂದಕ್ಕೊಂದು ಬೆರೆಸುವುದಿಲ್ಲ. ಹಳೆಯ ಯುರೋಪಿನ ಚರ್ಚಿನ ಕಣ್ಣಿನಲ್ಲಿ ಮಾತ್ರ ಇವುಗಳ ನಡುವಿನ ಗೆರೆ ತೆಳುವಾಗಿತ್ತು. ಅದಕ್ಕೆ ಕಾರಣ ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂದು.

‘ನಿನ್ನ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬೇಡ’ ಅನ್ನುವುದು ಆ ಆಜ್ಞೆಯ ಸಾರ. ಕ್ಯಾಥೊಲಿಕರ ಎಣಿಕೆಯಲ್ಲಿ ಇದು ಎರಡನೆಯದು, ಪ್ರಾಟೆಸ್ಟಂಟರ ಎಣಿಕೆಯಲ್ಲಿ ಹೆಚ್ಚಾಗಿ ಮೂರನೆಯದು. ಕೊಲೆ ಮಾಡಬೇಡ, ಕದಿಯಬೇಡ ಅನ್ನುವುದಕ್ಕಿಂತ ಮೊದಲೇ ಬರುತ್ತದೆ ಎನ್ನುವುದನ್ನು ಗಮನಿಸಬೇಕು. ಯಹೂದಿಗಳು ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಹೀಬ್ರೂವಿನಲ್ಲಿ ನಾಲ್ಕು ಅಕ್ಷರದ ದೇವರ ಹೆಸರನ್ನು ಅವರು ಉಚ್ಚರಿಸುವುದೇ ಇಲ್ಲ. ಪ್ರಾರ್ಥನೆಯಲ್ಲಿ ‘ಅದೋನಾಯ್’, ಅಂದರೆ ಒಡೆಯ, ಅನ್ನುತ್ತಾರೆ. ಸಾಮಾನ್ಯ ಮಾತಿನಲ್ಲಿ ‘ಹಾಶೆಮ್’ ಅನ್ನುತ್ತಾರೆ. ಅದರ ಅರ್ಥ ‘ಆ ಹೆಸರು’, ಅಷ್ಟೇ.

ಈ ಆಜ್ಞೆ ರಾಜರ ಕಾನೂನಾಗಿಯೂ ಬಂತು. ಫ್ರಾನ್ಸಿನ ರಾಜ 14ನೇ ಲೂಯಿ 1666ರಲ್ಲಿ ಒಂದು ಆದೇಶ ಹೊರಡಿಸಿದ. ದೇವರ ಹೆಸರಿನಲ್ಲಿ ಬೈದವರಿಗೆ ಮೊದಲು ದಂಡ. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಸಾರ್ವಜನಿಕವಾಗಿ ಕಟ್ಟಿಹಾಕುವುದು, ಆಮೇಲೆ ತುಟಿ ಸುಡುವುದು, ಕೊನೆಗೆ ನಾಲಿಗೆ ಕತ್ತರಿಸುವುದು. ಇಂಗ್ಲೆಂಡಿನಲ್ಲಿ 1606ರ ಒಂದು ಕಾಯ್ದೆ ನಾಟಕದ ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಬಳಸಿದರೆ 10 ಪೌಂಡ್ ದಂಡ ಅಂತ ಹೇಳಿತು. ಆ ಕಾಲಕ್ಕೆ ಅದು ಒಬ್ಬ ನಟನನ್ನು ಮುಳುಗಿಸುವಷ್ಟು ದೊಡ್ಡ ಮೊತ್ತ.

ಪೆಟ್ಟಿಗೆಯಲ್ಲಿ ಏನಿದೆ?

ಈಗ ಕ್ವಿಬೆಕ್‌ನ ಶಬ್ದಗಳಿಗೆ ಬರೋಣ. ಅಲ್ಲಿನವರು ಈ ಬೈಗುಳಗಳನ್ನು ‘ಸಾಕ್ರ್’ ಅನ್ನುತ್ತಾರೆ. ಬೇರೆ ಕಡೆ ದೇವರ ಹೆಸರು ಮಾತ್ರ ಬೈಗುಳವಾದರೆ, ಇಲ್ಲಿ ಪೂಜೆಯ ಸಾಮಾನುಗಳೇ ಬೈಗುಳವಾಗಿವೆ. ಇದು ಅರ್ಥವಾಗಬೇಕಾದರೆ ಕ್ಯಾಥೊಲಿಕರ ಬಲಿಪೂಜೆ ಸ್ವಲ್ಪ ಗೊತ್ತಿರಬೇಕು. ಮಂಗಳೂರು, ಉಡುಪಿ ಕಡೆಯ ಓದುಗರಿಗೆ ಇದು ಹೊಸದಲ್ಲ.

ಬಲಿಪೂಜೆಯಲ್ಲಿ ಗುರುಗಳು ಗೋಧಿಯ ತೆಳ್ಳನೆಯ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸುತ್ತಾರೆ. ಆ ಕ್ಷಣದಿಂದ ಅದು ಬರೀ ರೊಟ್ಟಿಯಲ್ಲ, ನಿಜವಾಗಿ ಕ್ರಿಸ್ತನ ಶರೀರ ಅನ್ನುವುದು ಕ್ಯಾಥೊಲಿಕರ ನಂಬಿಕೆ. ನಮ್ಮ ಕ್ರೈಸ್ತರು ಇದನ್ನು ಪರಮಪ್ರಸಾದ ಅನ್ನುತ್ತಾರೆ. ಆ ರೊಟ್ಟಿಯ ಫ್ರೆಂಚ್ ಹೆಸರು ಕ್ವಿಬೆಕ್‌ನವರ ಬಾಯಲ್ಲಿ ‘ಓಸ್ತಿ’. ದ್ರಾಕ್ಷಾರಸದ ಬಟ್ಟಲು ‘ಕಾಲಿಸ್’. ರೊಟ್ಟಿಗಳನ್ನು ಇಡುವ ಮುಚ್ಚಳದ ಪಾತ್ರೆ ‘ಸಿಬ್ವಾರ್’. ಉಳಿದ ಪ್ರಸಾದವನ್ನು ಆ ಪಾತ್ರೆಯ ಸಮೇತ ಬೀಗ ಹಾಕಿ ಇಡುವ ಪುಟ್ಟ ಪೆಟ್ಟಿಗೆಯೇ ‘ತಬರ್ನಾಕ್’. ಚರ್ಚಿನ ಒಳಗೆ ಅದಕ್ಕಿಂತ ಪವಿತ್ರವಾದ ಜಾಗ ಇಲ್ಲ. ಅದರ ಬಳಿ ದೀಪ ಉರಿಯುತ್ತಿರುತ್ತದೆ. ಜನ ಅದರ ಮುಂದೆ ಮೊಣಕಾಲೂರುತ್ತಾರೆ.

ಎಲ್ಲಕ್ಕಿಂತ ಪವಿತ್ರವಾದ ಜಾಗದ ಹೆಸರೇ ಎಲ್ಲಕ್ಕಿಂತ ಖಾರದ ಬೈಗುಳವಾಗಿದೆ. ಇದು ಆಕಸ್ಮಿಕ ಅಲ್ಲ. ಇವುಗಳ ಜೊತೆಗೆ ಕ್ರಿಸ್ತನ ಹೆಸರಿನಿಂದ ಬಂದ ‘ಕ್ರಿಸ್’, ಅವನನ್ನು ಶಿಲುಬೆಗೇರಿಸಿದ ಗುಡ್ಡದಿಂದ ಬಂದ ‘ಕಲ್ವೇರ್’, ಕನ್ಯೆ ಮರಿಯಳಿಂದ ಬಂದ ‘ವ್ಯಾರ್ಜ್’ ಇವೆ. ‘ಸಿಮೊನಾಕ್’ ಅಂತ ಇನ್ನೊಂದಿದೆ. ಚರ್ಚಿನ ಹುದ್ದೆಗಳನ್ನು ದುಡ್ಡಿಗೆ ಮಾರುವ ಪಾಪದ ಹೆಸರಿನಿಂದ ಅದು ಬಂದಿದೆ.

ಕ್ವಿಬೆಕ್‌ನಲ್ಲೇ ಯಾಕೆ?

ಫ್ರಾನ್ಸಿನಲ್ಲೂ ಹಿಂದಿನಿಂದ ಕ್ಯಾಥೊಲಿಕ್ ಧರ್ಮವೇ ದೊಡ್ಡದು. ಅಲ್ಲಿಯ ಚರ್ಚಿನಲ್ಲೂ ಇದೇ ಪೆಟ್ಟಿಗೆ ಇದೆ. ಆದರೆ ಪ್ಯಾರಿಸ್‌ನಲ್ಲಿ ಯಾರಾದರೂ ‘ತಬರ್ನಾಕ್’ ಅಂದರೆ ಜನ ನಗುತ್ತಾರೆ, ‘ಕ್ವಿಬೆಕ್‌ನವರಾ?’ ಅಂತ ಕೇಳುತ್ತಾರೆ. ವ್ಯತ್ಯಾಸ ಇರುವುದು ಇತಿಹಾಸದಲ್ಲಿ.

1608ರಲ್ಲಿ ಶಾಂಪ್ಲೇನ್ ಎಂಬ ಫ್ರೆಂಚ್ ನಾವಿಕ ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ಕ್ವಿಬೆಕ್ ಊರನ್ನು ಕಟ್ಟಿದ. ನೂರೈವತ್ತು ವರ್ಷ ಅದು ಫ್ರಾನ್ಸಿನ ವಸಾಹತಾಗಿತ್ತು. 1759ರಲ್ಲಿ ಬ್ರಿಟಿಷರು ಯುದ್ಧದಲ್ಲಿ ಗೆದ್ದರು. 1763ರ ಒಪ್ಪಂದದಲ್ಲಿ ಇಡೀ ಪ್ರದೇಶ ಅವರ ಕೈಗೆ ಹೋಯಿತು. ಫ್ರೆಂಚ್ ಅಧಿಕಾರಿಗಳು ಹಡಗು ಹತ್ತಿದರು. ರೈತರು ಉಳಿದರು. ಅವರ ಜೊತೆ ಉಳಿದವರು ಪಾದ್ರಿಗಳು.

ಬ್ರಿಟಿಷರು ಪ್ರಾಟೆಸ್ಟಂಟರು. ಆದರೂ 1774ರ ಕ್ವಿಬೆಕ್ ಕಾಯ್ದೆಯಲ್ಲಿ ಕ್ಯಾಥೊಲಿಕ್ ಧರ್ಮ ಪಾಲಿಸಲು ಅವಕಾಶ ಕೊಟ್ಟರು. ಚರ್ಚು ತನ್ನ ಜನರಿಂದ ಧರ್ಮದ ಪಾಲು ಎತ್ತಬಹುದು ಅಂತಲೂ ಒಪ್ಪಿದರು. ಬೆಳೆದ ಧಾನ್ಯದ 26ರಲ್ಲಿ ಒಂದು ಭಾಗ ಪಾದ್ರಿಗೆ. ಹೀಗೆ ಫ್ರೆಂಚ್ ಮಾತನಾಡುವ ಜನರ ಪಾಲಿಗೆ ಚರ್ಚೇ ಶಾಲೆ, ಆಸ್ಪತ್ರೆ, ಅನಾಥಾಶ್ರಮ, ಜನನ ಮರಣದ ದಾಖಲೆ ಎಲ್ಲವೂ ಆಯಿತು. ಭಾಷೆ ಉಳಿದದ್ದರಲ್ಲಿ ಚರ್ಚಿನ ಪಾಲು ದೊಡ್ಡದು. ಇದನ್ನು ಮರೆತರೆ ಕಥೆ ಅರ್ಧ ಆಗುತ್ತದೆ.

1837 ಮತ್ತು 1838ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ದಂಗೆ ಆಯಿತು. ಚರ್ಚಿನ ಮುಖಂಡರು ದಂಗೆಕೋರರ ಪರ ನಿಲ್ಲಲಿಲ್ಲ. ದಂಗೆ ಸೋತಿತು. ಆ ಮೇಲೆ ಚರ್ಚಿನ ಹಿಡಿತ ಇನ್ನೂ ಗಟ್ಟಿಯಾಯಿತು. 1840ರಿಂದ 1876ರವರೆಗೆ ಮಾಂಟ್ರಿಯಲ್‌ನ ಬಿಷಪ್ ಆಗಿದ್ದ ಇನ್ಯಾಸ್ ಬುರ್ಜೆ ಈ ಕಾಲದ ದೊಡ್ಡ ಹೆಸರು. ಯಾವ ಪುಸ್ತಕ ಓದಬಹುದು, ಯಾವ ಸಂಘ ಸೇರಬಹುದು ಎಂಬುದರಲ್ಲೂ ಅವನ ಮಾತು ನಡೆಯಬೇಕು.

ಆ ಹಿಡಿತ ಎಷ್ಟಿತ್ತು ಅಂತ ಒಂದು ಹೆಣದ ಕಥೆ ಹೇಳುತ್ತದೆ. ಜೋಸೆಫ್ ಗಿಬೋರ್ ಎಂಬ ಮುದ್ರಕ ಮಾಂಟ್ರಿಯಲ್‌ನಲ್ಲಿದ್ದ. ಬಿಷಪ್ ನಿಷೇಧಿಸಿದ ಪುಸ್ತಕಗಳನ್ನು ಇಟ್ಟುಕೊಂಡಿದ್ದ ಒಂದು ಓದುಗರ ಸಂಸ್ಥೆಯ ಸದಸ್ಯ. 1869ರಲ್ಲಿ ಅವನು ತೀರಿಕೊಂಡಾಗ ಕ್ಯಾಥೊಲಿಕ್ ಸ್ಮಶಾನದಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಮನೆಯವರು ಮತ್ತು ಗೆಳೆಯರು ಕೋರ್ಟಿಗೆ ಹೋದರು. ಕೇಸು ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1874ರಲ್ಲಿ ಗಿಬೋರ್ ಪರ ತೀರ್ಪಾಯಿತು. ಮರುವರ್ಷ ಹೆಣವನ್ನು ಸ್ಮಶಾನಕ್ಕೆ ತಂದಾಗ ಜನರ ಗುಂಪು ತಡೆದು ವಾಪಸ್ ಕಳಿಸಿತು. ಕೊನೆಗೆ 1875ರ ನವೆಂಬರಿನಲ್ಲಿ ಸೈನಿಕರ ಕಾವಲಿನಲ್ಲಿ ಮಣ್ಣು ಮಾಡಿದರು. ಯಾರೂ ಅಗೆದು ತೆಗೆಯದಿರಲಿ ಅಂತ ಪೆಟ್ಟಿಗೆಯ ಸುತ್ತ ಸಿಮೆಂಟ್ ಸುರಿದರು. ಬಿಷಪ್ ಬುರ್ಜೆ ಆ ತುಂಡು ನೆಲದ ಪವಿತ್ರತೆಯನ್ನೇ ಕಿತ್ತುಹಾಕಿದ. ಆರು ವರ್ಷ ಒಬ್ಬ ಸತ್ತ ಮನುಷ್ಯನಿಗೆ ಮಣ್ಣು ಸಿಗಲಿಲ್ಲ. ಅದನ್ನು ಓದುವಾಗ ಈಗಲೂ ನನ್ನ ಮನಸ್ಸಿಗೆ ಕಷ್ಟವಾಗುತ್ತದೆ.

ಸಾಕ್ರ್ ಮಾತುಗಳು ರೂಪ ಪಡೆದದ್ದು ಇದೇ 19ನೇ ಶತಮಾನದಲ್ಲಿ. ರೈತರ ಮಕ್ಕಳು ಚಳಿಗಾಲದಲ್ಲಿ ಮರ ಕಡಿಯುವ ಶಿಬಿರಗಳಿಗೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಕಾಡಿನಲ್ಲಿ, ಗಂಡಸರೇ, ಮೈ ಕೊರೆಯುವ ಚಳಿ, ಅಪಾಯದ ಕೆಲಸ. ಊರಿನ ಪಾದ್ರಿಯ ಕಣ್ಣು ಅಲ್ಲಿಗೆ ಎಟುಕುತ್ತಿರಲಿಲ್ಲ. ಊರಲ್ಲಿ ಬಾಯಿಬಿಡಲು ಹೆದರುವ ಮಾತುಗಳನ್ನು ಕಾಡಿನಲ್ಲಿ ಕಿರುಚಬಹುದಿತ್ತು. ರಾಜ ದೂರ, ಸಾಹುಕಾರ ಇಂಗ್ಲಿಷಿನವ. ದಿನನಿತ್ಯದ ಬದುಕಿನಲ್ಲಿ ಕೈಗೆ ಸಿಗುವ ಅಧಿಕಾರ ಅಂದರೆ ಚರ್ಚು. ಹಾಗಾಗಿ ಸಿಟ್ಟು ತೀರಿಸಿಕೊಳ್ಳಲು ಹಿಡಿದದ್ದೂ ಚರ್ಚಿನ ಸಾಮಾನುಗಳನ್ನೇ.

ಆ ಹಿಡಿತ ಮನೆಯ ಒಳಕೋಣೆವರೆಗೂ ಇತ್ತು. ಹತ್ತು, ಹನ್ನೆರಡು ಮಕ್ಕಳ ಸಂಸಾರ ಆಗ ಸಾಮಾನ್ಯ. ಹೊಸ ಮಗು ಯಾಕಾಗಿಲ್ಲ ಅಂತ ಪಾದ್ರಿ ಮನೆಗೆ ಬಂದು ಕೇಳುತ್ತಿದ್ದ ನೆನಪು ಅಜ್ಜಿಯರ ಮಾತಿನಲ್ಲಿ ಉಳಿದಿದೆ. ಹೆಂಗಸರಿಗೆ ಮತ ಹಾಕುವ ಹಕ್ಕು ಬೇಡ ಅಂತ ಚರ್ಚಿನ ಹಿರಿಯರು ವಾದಿಸಿದರು. ಪ್ರಾಂತ್ಯದ ಚುನಾವಣೆಯಲ್ಲಿ ಆ ಹಕ್ಕು ಸಿಕ್ಕಿದ್ದು 1940ರಲ್ಲಿ, ಕೆನಡಾದ ಬೇರೆ ಪ್ರಾಂತ್ಯಗಳಿಗಿಂತ ತಡವಾಗಿ. 1881ರಲ್ಲಿ ಮಾಂಟ್ರಿಯಲ್‌ಗೆ ಬಂದಿದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್, ಇಲ್ಲಿ ಇಟ್ಟಿಗೆ ಎಸೆದರೆ ಯಾವುದಾದರೂ ಚರ್ಚಿನ ಕಿಟಕಿಗೇ ಬೀಳುತ್ತದೆ ಎಂಬ ಅರ್ಥದ ಮಾತು ಹೇಳಿದ್ದರು.

1960ರಲ್ಲಿ ಜಾನ್ ಲೆಸಾಜ್ ಅವರ ಲಿಬರಲ್ ಪಕ್ಷ ಗೆದ್ದಿತು. ಆಮೇಲಿನ ವರ್ಷಗಳನ್ನು ‘ಸದ್ದಿಲ್ಲದ ಕ್ರಾಂತಿ’ ಅನ್ನುತ್ತಾರೆ. ಆಸ್ಪತ್ರೆ, ಶಾಲೆಗಳು ಸರ್ಕಾರದ ಕೈಗೆ ಬಂದವು. 1875ರಲ್ಲಿ ರದ್ದಾಗಿದ್ದ ಶಿಕ್ಷಣ ಇಲಾಖೆ 1964ರಲ್ಲಿ ಮತ್ತೆ ಹುಟ್ಟಿತು. ಒಂದೇ ತಲೆಮಾರಿನಲ್ಲಿ ಚರ್ಚುಗಳು ಖಾಲಿಯಾದವು. ಅವುಗಳಲ್ಲಿ ಕೆಲವು ಈಗ ಗ್ರಂಥಾಲಯ, ಕೆಲವು ಅಪಾರ್ಟ್‌ಮೆಂಟ್. ಬೈಗುಳಗಳು ಮಾತ್ರ ಖಾಲಿಯಾಗಲಿಲ್ಲ.

ಬೈಗುಳದ ವ್ಯಾಕರಣ

ಈ ಶಬ್ದಗಳು ಬರೀ ಉದ್ಗಾರವಾಗಿ ನಿಂತಿಲ್ಲ. ಫ್ರೆಂಚಿನ ‘ದ’ ಎಂಬ ಪುಟ್ಟ ಶಬ್ದ ಹಾಕಿ ಒಂದಕ್ಕೊಂದು ಪೋಣಿಸುತ್ತಾರೆ: ‘ಓಸ್ತಿ ದ ಕಾಲಿಸ್ ದ ತಬರ್ನಾಕ್’. ಸರ ಉದ್ದವಾದಷ್ಟೂ ಸಿಟ್ಟು ಜಾಸ್ತಿ. ಕ್ರಿಯಾಪದಗಳೂ ಆಗಿವೆ. ‘ಕ್ರಿಸೆ’ ಅಂದರೆ ಎಸೆಯುವುದು. ‘ದೆಕಾಲಿಸೆ’ ಅಂದರೆ ಅಲ್ಲಿಂದ ತೊಲಗುವುದು. ‘ಜ ಮಾಂ ಕಾಲಿಸ್’ ಅಂದರೆ ನನಗೇನೂ ಆಗಬೇಕಿಲ್ಲ ಅಂತ. ‘ಆಂ ತಬರ್ನಾಕ್’ ಇದ್ದಾನೆ ಅಂದರೆ ಮನುಷ್ಯ ಕೆಂಡವಾಗಿದ್ದಾನೆ. ವಿಚಿತ್ರವೆಂದರೆ ಹೊಗಳಲೂ ಇವೇ ಬೇಕು. ಊಟ ಬಹಳ ಚೆನ್ನಾಗಿದ್ದರೆ ‘ಆಂ ಕ್ರಿಸ್’ ಸೇರಿಸಿ ಹೇಳುತ್ತಾರೆ.

ಇಷ್ಟು ರೂಪ ತಾಳಿದ ಮೇಲೆ ಹೇಳುವವರ ತಲೆಯಲ್ಲಿ ಬಟ್ಟಲೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಉಚ್ಚಾರವೂ ಬೇರೆಯಾಗಿದೆ. ಚರ್ಚಿನ ಪೆಟ್ಟಿಗೆಯನ್ನು ಹೇಳುವಾಗ ‘ತಬರ್ನಾಕ್ಲ್’ ಅಂತ ಪೂರ್ತಿ ಹೇಳುತ್ತಾರೆ. ಬೈಯುವಾಗ ಕೊನೆಯ ಸದ್ದು ಬಿದ್ದುಹೋಗುತ್ತದೆ. ಮೆಕ್ಸಿಕೊದ ಕಡಲತೀರಗಳಿಗೆ ರಜೆಗೆ ಹೋಗುವ ಕ್ವಿಬೆಕ್‌ನವರಿಗೆ ಅಲ್ಲಿಯ ಜನ ‘ತಬರ್ನಾಕೊ’ ಅಂತಲೇ ಹೆಸರಿಟ್ಟಿದ್ದಾರೆ, ಬಾಯಲ್ಲಿ ಅದು ಅಷ್ಟು ಸಲ ಬರುವುದರಿಂದ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಇಂಗ್ಲಿಷಿನಲ್ಲಿ ಟಿವಿಯವರು ಬೀಪ್ ಹಾಕುವ ‘ಎಫ್’ ಅಕ್ಷರದ ಬೈಗುಳ ಕ್ವಿಬೆಕ್‌ನ ಫ್ರೆಂಚಿನಲ್ಲಿ ಅಷ್ಟು ಖಾರ ಅಲ್ಲ. ಫ್ರೆಂಚ್ ಕಾರ್ಯಕ್ರಮಗಳಲ್ಲಿ ಅದನ್ನು ಇಂಗ್ಲಿಷಿನ ಅಳತೆಯಲ್ಲಿ ಅಳೆಯಬೇಕಿಲ್ಲ ಅಂತ ಕೆನಡಾದ ಪ್ರಸಾರ ಗುಣಮಟ್ಟ ಮಂಡಳಿಯೇ ತೀರ್ಮಾನ ಕೊಟ್ಟಿದೆ. ಒಂದೇ ದೇಶ, ಎರಡು ಭಾಷೆ, ಎರಡು ಬೇರೆ ಭಯಗಳು.

ಖಾರ ತೆಗೆದ ಮಾತುಗಳು

ಮಕ್ಕಳ ಮುಂದೆ, ಅಜ್ಜಿಯ ಮುಂದೆ ಸಿಟ್ಟು ಬಂದರೆ? ಆಗ ಶಬ್ದದ ಆರಂಭ ಹಾಗೇ ಇಟ್ಟು ಬಾಲ ಬದಲಿಸುತ್ತಾರೆ. ತಬರ್ನಾಕ್ ಹೋಗಿ ‘ತಬರ್ನೂಶ್’, ಕಾಲಿಸ್ ಹೋಗಿ ‘ಕಾಲಿನ್’. ಇವು ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದ್ದ ಹಾಗೆ: ಬಣ್ಣ ಪೂರ್ತಿ ಇದೆ, ಖಾರ ಅಷ್ಟಿಲ್ಲ.

ಈ ಉಪಾಯ ಕ್ವಿಬೆಕ್‌ನದಷ್ಟೇ ಅಲ್ಲ. ಇಂಗ್ಲಿಷಿನ ‘ಗಾಶ್’, ‘ಗಾಲಿ’ ಎರಡೂ ‘ಗಾಡ್’ ಅನ್ನುವುದನ್ನು ತಪ್ಪಿಸಲು ಹುಟ್ಟಿದವು. ‘ಜೀ’, ‘ಜೀಝ್’ ಯೇಸುವಿನ ಹೆಸರಿನ ತುಂಡುಗಳು. ‘ಹೆಲ್’ ಬದಲು ‘ಹೆಕ್’, ‘ಡ್ಯಾಮ್’ ಬದಲು ‘ಡಾರ್ನ್’. ಹಳೆಯ ನಾಟಕಗಳಲ್ಲಿ ಬರುವ ‘ಝೌಂಡ್ಸ್’ ದೇವರ ಗಾಯಗಳ ಮೇಲಿನ ಆಣೆ. ಹಳೆಯ ಫ್ರೆಂಚಿನಲ್ಲಿ ದೇವರು ಅನ್ನುವ ‘ದ್ಯೂ’ ಬದಲು ಅದಕ್ಕೆ ಪ್ರಾಸ ಕೂಡುವ ‘ಬ್ಲ್ಯೂ’ ಸೇರಿಸುತ್ತಿದ್ದರು. ‘ಸಾಕ್ರ ಬ್ಲ್ಯೂ’ ಹಾಗೆ ಬಂದದ್ದು. ನಮ್ಮ ಮಕ್ಕಳು ಕಾರ್ಟೂನ್ ನೋಡಿ ‘ಓ ಮೈ ಗಾಶ್’ ಅನ್ನುವಾಗ, ಆಜ್ಞೆ ಮುರಿಯದೆ ಮುರಿಯಲು ಜನ ಕಂಡುಕೊಂಡ ಹಳೆಯ ದಾರಿಯೊಂದನ್ನೇ ಬಳಸುತ್ತಿರುತ್ತಾರೆ.

ನಮ್ಮಲ್ಲಿ ಹೀಗೆ ಯಾಕೆ ಆಗಲಿಲ್ಲ?

ಹೆಸರಿನ ಭಯ ನಮ್ಮಲ್ಲೂ ಇದೆ. ಗಂಡನ ಹೆಸರು ಹೇಳಬಾರದು ಅನ್ನುವ ಹೆಂಗಸರು ಒಡಪು ಕಟ್ಟಿ ಹೇಳುತ್ತಿದ್ದರು. ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನುವವರಿದ್ದಾರೆ. ಸಿಡುಬಿನಂಥ ಕಾಯಿಲೆಗೆ ‘ಅಮ್ಮ ಆಗಿದೆ’ ಅನ್ನುತ್ತೇವೆ. ಹೆಸರೆತ್ತಿದರೆ ಅದು ಬಂದೇಬಿಡುತ್ತದೆ ಅನ್ನುವ ನಂಬಿಕೆ ಇವೆಲ್ಲದರ ಬುಡದಲ್ಲಿದೆ.

ಆದರೆ ರಾಮ, ಶಿವ, ಕೃಷ್ಣರ ಹೆಸರಿಗೆ ಈ ತಡೆ ಇಲ್ಲ. ಅಜಾಮಿಳನ ಕಥೆ ನೆನಪಿಸಿಕೊಳ್ಳಿ. ದಾರಿ ತಪ್ಪಿದ ಮನುಷ್ಯ. ಸಾಯುವಾಗ ಯಮದೂತರನ್ನು ಕಂಡು ಹೆದರಿ ಮಗನನ್ನು ‘ನಾರಾಯಣಾ’ ಅಂತ ಕೂಗಿದ. ದೇವರನ್ನು ಕರೆದದ್ದಲ್ಲ. ಆದರೂ ವಿಷ್ಣುದೂತರು ಓಡಿಬಂದು ಅವನನ್ನು ಬಿಡಿಸಿದರು. ತಮಾಷೆಗೋ, ಎಡವಿದಾಗಲೋ, ಬೇರೆ ಯಾರನ್ನೋ ಕರೆಯುವಾಗಲೋ ಬಂದರೂ ಆ ಹೆಸರು ಕೆಲಸ ಮಾಡುತ್ತದೆ ಅಂತ ಭಾಗವತ ಹೇಳುತ್ತದೆ. ಒಂದು ಪರಂಪರೆ ‘ವ್ಯರ್ಥವಾಗಿ ಎತ್ತಬೇಡ’ ಅಂದಿತು. ಇನ್ನೊಂದು ‘ಹೇಗೆ ಎತ್ತಿದರೂ ವ್ಯರ್ಥವಾಗುವುದಿಲ್ಲ’ ಅಂದಿತು. ಹೇಳಬಾರದು ಅನ್ನುವ ಕಟ್ಟೇ ಇಲ್ಲದ ಮೇಲೆ ಹೇಳಿದರೆ ನಡುಕ ಎಲ್ಲಿಂದ ಬರಬೇಕು? ಹಾಗಾಗಿ ‘ಅಯ್ಯೋ ಶಿವನೇ’ ಬೈಗುಳ ಆಗಲೇ ಇಲ್ಲ.

ಹಾಗಂತ ಪವಿತ್ರ ಹೆಸರು ನಮ್ಮ ಸಿಟ್ಟಿನ ಮಾತಿಗೆ ಬಂದೇ ಇಲ್ಲ ಅನ್ನುವಂತಿಲ್ಲ. ‘ಶನಿ ವಕ್ಕರಿಸಿಕೊಂಡಿದೆ’ ಅನ್ನುತ್ತೇವೆ. ತಂಟೆ ಮಾಡುವವರಿಗೆ ‘ಮಾರಿ’ ಅನ್ನುತ್ತೇವೆ. ಶನಿಯೂ ದೇವರು, ಮಾರಿಯೂ ದೇವರು. ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತೇವೆ, ಮಾರಿಹಬ್ಬ ಮಾಡುತ್ತೇವೆ. ಬೈಗುಳಕ್ಕೆ ಸಿಕ್ಕಿದ್ದು ನಾವು ಹೆದರುವ ದೇವರುಗಳೇ ಅನ್ನುವುದನ್ನು ನೋಡಿ. ಕ್ವಿಬೆಕ್‌ನ ಕಥೆ ಇಲ್ಲೂ ತಾಳೆಯಾಗುತ್ತದೆ. ಇನ್ನು ‘ದುಡ್ಡು ಗೋವಿಂದ’, ‘ಪಂಗನಾಮ ಹಾಕಿದ’ ಅನ್ನುವ ಮಾತುಗಳಲ್ಲಿ ಭಯವಿಲ್ಲ, ಸಲಿಗೆ ಇದೆ.

ನಮ್ಮಲ್ಲಿ ದೇವರ ಹೆಸರು ನಿಜವಾಗಿ ಭಾರವಾಗುವುದು ಆಣೆಯಲ್ಲಿ. ‘ಧರ್ಮಸ್ಥಳಕ್ಕೆ ಬಂದು ಆಣೆ ಮಾಡು’ ಅಂದರೆ ಇವತ್ತಿಗೂ ಎಷ್ಟೋ ಜಗಳ ಅಲ್ಲೇ ನಿಲ್ಲುತ್ತದೆ. ಸುಳ್ಳು ಆಣೆಗೆ ಇರುವ ಭಯ ಸುಮ್ನೆ ಉದ್ಗಾರಕ್ಕೆ ಇಲ್ಲ.

ಈಗ ಏನಾಗಿದೆ?

2006ರಲ್ಲಿ ಮಾಂಟ್ರಿಯಲ್‌ನ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಊರಲ್ಲಿ ದೊಡ್ಡ ಫಲಕಗಳನ್ನು ಹಾಕಿಸಿತು. ಒಂದೊಂದರಲ್ಲೂ ದಪ್ಪ ಅಕ್ಷರದಲ್ಲಿ ಒಂದು ಸಾಕ್ರ್ ಶಬ್ದ, ಕೆಳಗೆ ನಿಘಂಟಿನಂತೆ ಅದರ ನಿಜವಾದ ಅರ್ಥ. ಬೈಯಬೇಡಿ ಅಂತ ಗದರಿಸುವ ಬದಲು, ಇದು ಏನು ಗೊತ್ತಾ ಅಂತ ಕೇಳಿತು. ಈ ಕ್ರಮ ನನಗೆ ಬಹಳ ಹಿಡಿಸಿತು. ಚರ್ಚಿಗೆ ಹೋಗದೆ ಬೆಳೆದ ಯುವಕರಿಗೆ ಸಿಬ್ವಾರ್ ಒಂದು ಪಾತ್ರೆ ಅಂತ ಗೊತ್ತಾದದ್ದು ಹೀಗೆ.

ಕಾನೂನಿನ ಹಿಡಿತವೂ ಸಡಿಲಾಗಿದೆ. ಕೆನಡಾ ತನ್ನ ದಂಡ ಸಂಹಿತೆಯಿಂದ ದೈವನಿಂದನೆಯ ಅಪರಾಧವನ್ನು 2018ರಲ್ಲಿ ತೆಗೆದುಹಾಕಿತು. 2019ರಲ್ಲಿ ಕ್ವಿಬೆಕ್ ವಿಧಾನಸಭೆಯ ಸಭಾಂಗಣದಿಂದ ಶಿಲುಬೆಯನ್ನು ಇಳಿಸಿದರು. ಎಲ್ಲ ಕಡೆ ಹೀಗಿಲ್ಲ. ಇಟಲಿಯ ಫುಟ್‌ಬಾಲ್‌ನಲ್ಲಿ 2010ರಿಂದ ಮೈದಾನದಲ್ಲಿ ದೇವರ ಹೆಸರಿಟ್ಟು ಬೈದರೆ ಆಟಗಾರನಿಗೆ ಶಿಕ್ಷೆ ಇದೆ. ಟಿವಿ ದೃಶ್ಯ ನೋಡಿ ಒಂದು ಪಂದ್ಯದ ನಿಷೇಧ ಹಾಕಿದ್ದೂ ಇದೆ. ಭಾರತದಲ್ಲಿ ಹಳೆಯ 295ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಆಗಿದೆ. ಅದು ಹಿಡಿಯುವುದು ಬೇಕೆಂದೇ, ದ್ವೇಷದಿಂದ, ಧಾರ್ಮಿಕ ಭಾವನೆಗೆ ಪೆಟ್ಟು ಕೊಡುವುದನ್ನು. ಕಾಲು ಎಡವಿದಾಗಿನ ಉದ್ಗಾರಕ್ಕಾಗಿ ಬರೆದದ್ದಲ್ಲ.

ಹೊಸದಾಗಿ ಹೋಗುವವರು ಒಂದು ಸಂಗತಿ ತಿಳಿದಿರಬೇಕು. ದೊಡ್ಡವರಾದ ಮೇಲೆ ಕಲಿತ ಭಾಷೆಯ ಬೈಗುಳ ನಮ್ಮ ಮೈಗೆ ತಾಗುವುದಿಲ್ಲ. ಬಾಲ್ಯದಲ್ಲಿ ಆ ಮಾತಿಗೆ ಅಮ್ಮನ ಕೈಯಿಂದ ಪೆಟ್ಟು ತಿಂದಿರುವು­ದಿಲ್ಲ, ನಾಚಿಕೆ ಪಟ್ಟಿರುವುದಿಲ್ಲ. ಕನ್ನಡದಲ್ಲಿ ನಾಲಿಗೆಗೆ ಬರದ ಮಾತನ್ನು ಇಂಗ್ಲಿಷಿನಲ್ಲಿ ಸಲೀಸಾಗಿ ಆಡುವುದು ಇದರಿಂದಲೇ. ಹಾಗಾಗಿ ಖಾರ ಎಷ್ಟು ಅಂತ ನಮ್ಮ ಕಿವಿಯನ್ನು ನಂಬುವಂತಿಲ್ಲ. ಮಾಂಟ್ರಿಯಲ್‌ನಲ್ಲಿ ಗೆಳೆಯರ ನಡುವೆ ತಬರ್ನಾಕ್ ನಡೆಯುತ್ತದೆ. ಕೆಲಸದ ಸಂದರ್ಶನದಲ್ಲಿ, ಮಕ್ಕಳ ಶಾಲೆಯಲ್ಲಿ, ಗ್ರಾಹಕರ ಮುಂದೆ ನಡೆಯುವುದಿಲ್ಲ. 1960ಕ್ಕಿಂತ ಮೊದಲು ಹುಟ್ಟಿ ಬಾಲ್ಯವನ್ನೆಲ್ಲ ಚರ್ಚಿನಲ್ಲಿ ಕಳೆದ ಹಿರಿಯರಿಗೆ ಅದು ಇನ್ನೂ ಪೆಟ್ಟಿಗೆಯೇ.

ಬೆಂಗಳೂರಿನ ಆಫೀಸಿಗೂ ಇದೇ ಅನ್ವಯ. ‘ಜೀಸಸ್’ ಅನ್ನುವ ಉದ್ಗಾರ ನಮಗೆ ಸಿನಿಮಾದಿಂದ, ಸರಣಿಗಳಿಂದ ಬಂದ ಮಾತು. ಅದರ ಭಾರ ನಮ್ಮ ಜೊತೆ ಬರಲಿಲ್ಲ. ಪಕ್ಕದವರ ಜೊತೆ ಆ ಭಾರ ಹುಟ್ಟಿನಿಂದ ಇದೆ. ಬೇಸರವಾದವರು ‘ಆ ಹೆಸರು ಹಾಗೆ ಕೇಳಿದರೆ ನನಗೆ ಕಷ್ಟವಾಗುತ್ತದೆ’ ಅಂತ ಒಂದು ಸಲ ನೇರವಾಗಿ ಹೇಳಬಹುದು. ಹೇಳಿಸಿಕೊಂಡವರಿಗೂ ಬದಲಿಸಿಕೊಳ್ಳುವುದು ಕಷ್ಟವಿಲ್ಲ. ‘ಅಯ್ಯೋ’ ಅನ್ನುವ ಒಂದೇ ಶಬ್ದ ಸಾಕಾಗುವ ಭಾಷೆ ನಮ್ಮದು.